ಗಾಡಿಯ ಜಾತಕ

ಕೆಲಸದ ಮೇಲೆ ಬ್ರಿಟನ್ನಿಗೆ ಹೊರಟ ಸಂಸಾರಕ್ಕೆ ವೀಸಾ, ಬಾಡಿಗೆ ಮನೆ, ಮಕ್ಕಳ ಶಾಲೆ ಎಲ್ಲ ಒಂದು ದಾರಿಗೆ ಬಂದ ಮೇಲೆ ಹತ್ತಿಕೊಳ್ಳುವ ಚಿಂತೆ ಕಾರಿನದು. ಲಂಡನ್ನಿನ ಒಳಗೇ ಇರುವವರು ಟ್ಯೂಬ್ ರೈಲು, ಬಸ್ಸಿನಲ್ಲಿ ಕಾಲ ಹಾಕಬಹುದು. ಮಿಲ್ಟನ್ ಕೀನ್ಸ್, ಲೀಡ್ಸ್ ಕಡೆ ಇಳಿದವರಿಗೆ, ಅದರಲ್ಲೂ ಚಿಕ್ಕ ಮಕ್ಕಳಿದ್ದರೆ, ಮೊದಲ ಚಳಿಗಾಲ ಬರುವಷ್ಟರಲ್ಲಿ ಗಾಡಿ ಬೇಕೇ ಬೇಕು ಅನ್ನಿಸುತ್ತದೆ. ಹೊಸ ಕಾರಿಗೆ ಸಾಲ ಕೇಳೋಣವೆಂದರೆ, ಆಗತಾನೇ ಬಂದಿಳಿದವರಿಗೆ ಅಲ್ಲಿ ಸಾಲದ ಚರಿತ್ರೆಯೇ ಇರುವುದಿಲ್ಲ. ಹಾಗಾಗಿ ಹೆಚ್ಚಿನವರಿಗೆ ಸೆಕೆಂಡ್ ಹ್ಯಾಂಡೇ ಗತಿ.

ನಮ್ಮಲ್ಲಾದರೆ ಗುರುತಿನ ಮೆಕ್ಯಾನಿಕ್ಕನ್ನು ಜೊತೆಗೆ ಕರೆದುಕೊಂಡು ಹೋಗುತ್ತೇವೆ. "ಡಾಕ್ಟರ್ ಓಡಿಸ್ತಿದ್ದ ಗಾಡಿ ಸಾರ್, ಸಿಂಗಲ್ ಓನರ್" ಎಂಬ ಮಾತನ್ನು ಅರ್ಧ ನಂಬಿ, ಅರ್ಧ ಬಿಟ್ಟು ವ್ಯಾಪಾರ ಮುಗಿಸುತ್ತೇವೆ. ಅಲ್ಲಿ ಗುರುತಿನ ಮೆಕ್ಯಾನಿಕ್ ಇಲ್ಲ. ಅದರ ಬದಲು ಗಾಡಿಯ ಜಾತಕ ಇದೆ, ಅದನ್ನು ಬಸವನಗುಡಿಯ ಮನೆಯಲ್ಲಿ ರಾತ್ರಿ ಊಟವಾದ ಮೇಲೆ ಕೂತು ಓದಬಹುದು.

ಜಾತಕದ ಹೆಸರು ಎಂಒಟಿ. ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್‌ನಲ್ಲಿ ಮೂರು ವರ್ಷ ತುಂಬಿದ ಕಾರು ವರ್ಷಕ್ಕೊಮ್ಮೆ ಈ ಪರೀಕ್ಷೆಗೆ ಹೋಗಬೇಕು. ನಮ್ಮ ಹೊಗೆ ತಪಾಸಣೆಯ ಚೀಟಿಯಂತಲ್ಲ ಇದು. ಬ್ರೇಕು, ಟಯರು, ಸಸ್ಪೆನ್ಷನ್ನು, ದೀಪ, ಸೀಟ್ ಬೆಲ್ಟು, ಅಡಿಭಾಗದ ತುಕ್ಕು ಎಲ್ಲವನ್ನೂ ನೋಡಿ ಬರೆಯುತ್ತಾರೆ. ಆ ದಾಖಲೆ ಸರ್ಕಾರದ ಜಾಲತಾಣದಲ್ಲಿ 2005ರಿಂದ ಈಚಿನದು ಪುಕ್ಕಟೆ ಸಿಗುತ್ತದೆ. ಮಾರಾಟದ ಜಾಹೀರಾತಿನಲ್ಲಿರುವ ನಂಬರ್ ಪ್ಲೇಟ್ ಟೈಪ್ ಮಾಡಿದರೆ ಸಾಕು.

ಆ ಪ್ಲೇಟಿನಲ್ಲೇ ಹುಟ್ಟಿದ ಕಾಲವೂ ಇದೆ. ಮೊದಲೆರಡು ಅಕ್ಷರದ ಮುಂದಿನ ಅಂಕಿ 18 ಇದ್ದರೆ 2018ರ ಮಾರ್ಚ್‌ನಿಂದ ಆಗಸ್ಟ್‌ವರೆಗಿನ ನೋಂದಣಿ. 50 ಕೂಡಿಸಿದ 68 ಇದ್ದರೆ ಅದೇ ವರ್ಷದ ಸೆಪ್ಟೆಂಬರ್‌ನಿಂದ ಮುಂದಿನ ಫೆಬ್ರವರಿವರೆಗಿನದು.

ಜಾತಕ ಓದುವುದು ಹೇಗೆ? 68ರ ಒಂದು ಡೀಸೆಲ್ ಕಾರು ಅಂದುಕೊಳ್ಳಿ. 2021ರ ಮೊದಲ ಪರೀಕ್ಷೆಯಲ್ಲಿ 31,000 ಮೈಲಿ. ಮರುವರ್ಷ 41,000. ಆಮೇಲೆ 42,200, ಅದರ ಮುಂದಿನ ವರ್ಷ 43,100. ನಾವು ಇದನ್ನು ನೋಡಿ "ಕಡಿಮೆ ಓಡಿದೆ" ಎಂದು ಹಿಗ್ಗುತ್ತೇವೆ. ಮೊದಲನೆಯದಾಗಿ ಇದು ಮೈಲಿ, 43,100 ಎಂದರೆ ಸುಮಾರು 69,000 ಕಿಲೋಮೀಟರು. ಎರಡನೆಯದು ಇನ್ನೂ ಮುಖ್ಯ: ಹೆದ್ದಾರಿಯಲ್ಲಿ ಓಡುತ್ತಿದ್ದ ಗಾಡಿ ಕಡೆಯ ಎರಡು ವರ್ಷ ಬಹುಶಃ ಶಾಲೆ, ಅಂಗಡಿ ಎಂದು ಊರೊಳಗೇ ತಿರುಗಿದೆ. ಡೀಸೆಲ್ ಗಾಡಿಯ ಹೊಗೆಕೊಳವೆಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಎಂಜಿನ್ ಚೆನ್ನಾಗಿ ಕಾದು ಒಂದಷ್ಟು ದೂರ ಓಡಿದರೇ ಆ ಮಸಿ ಸುಟ್ಟು ಹೋಗುವುದು. ಬೀದಿ ತುದಿಯವರೆಗೆ ಹೋಗಿ ಬರುವ ಗಾಡಿಯಲ್ಲಿ ಅದು ಕಟ್ಟಿಕೊಳ್ಳುತ್ತದೆ, ಬದಲಾಯಿಸಲು ಹೊರಟರೆ ಜೇಬಿಗೆ ದೊಡ್ಡ ಏಟು. ಸಂಸಾರದ ಗಾಡಿ ಊರೊಳಗೇ ಓಡುವುದಾದರೆ ಡೀಸೆಲ್ ತಂಟೆಗೇ ಹೋಗಬೇಡಿ ಎಂಬುದು ನನ್ನ ಮಾತು.

ಪಾಸು, ಫೇಲಿಗಿಂತ ಕೆಳಗಿನ ಸಣ್ಣ ಸೂಚನೆಗಳನ್ನು ಓದಿ. ಪಾಸಾಗಿದ್ದರೂ "ಮುಂದಿನ ಟಯರ್ ಸವೆದಿದೆ", "ಬ್ರೇಕ್ ಪೈಪಿಗೆ ತುಕ್ಕು" ಎಂದು ಬರೆದಿರುತ್ತಾರೆ. ಅದೇ ಸೂಚನೆ ಮೂರು ವರ್ಷ ಸಾಲಾಗಿ ಬಂದಿದ್ದರೆ ಯಜಮಾನ ಕೈ ಬಿಚ್ಚುವವನಲ್ಲ, ಎಣ್ಣೆ ಬದಲಾಯಿಸುವುದರಲ್ಲೂ ಹಾಗೇ ಇದ್ದಾನು. ಚಳಿಗಾಲದಲ್ಲಿ ಹಿಮ ಕಟ್ಟದಿರಲೆಂದು ಅಲ್ಲಿ ರಸ್ತೆಗೆ ಉಪ್ಪು ಸುರಿಯುತ್ತಾರೆ. ಹಾಗಾಗಿ ಅಡಿಯ ತುಕ್ಕನ್ನು ನಮ್ಮ ಮಂಗಳೂರಿನ ಕಡಲಗಾಳಿಯಷ್ಟೇ ಗಂಭೀರವಾಗಿ ಎಣಿಸಬೇಕು.

ಇಷ್ಟೆಲ್ಲ ಹೇಳುವ ಜಾತಕ ಸಾಲದ ವಿಷಯದಲ್ಲಿ ಮಾತ್ರ ಬಾಯಿ ಬಿಡುವುದಿಲ್ಲ. ನಮ್ಮ ಆರ್‌ಸಿಯಲ್ಲಿ ಹೈಪಾಥಿಕೇಶನ್ ಎಂದು ಬ್ಯಾಂಕಿನ ಹೆಸರು ಕಾಣುತ್ತದೆ, ಅದನ್ನು ತೆಗೆಸಲು ಫಾರಂ 35 ಹಿಡಿದು ಆರ್‌ಟಿಒ ಕಚೇರಿಗೆ ಅಲೆಯುತ್ತೇವೆ. ಅಲ್ಲಿನ ಲಾಗ್‌ಬುಕ್, ಅಂದರೆ ವಿ5ಸಿ, ಗಾಡಿಯನ್ನು ಯಾರು ಇಟ್ಟುಕೊಂಡಿದ್ದಾರೆ ಎಂದಷ್ಟೇ ಹೇಳುತ್ತದೆ. ಅದು ಒಡೆತನದ ಪತ್ರವಲ್ಲ. ಹಳಬ ಕಂತು ತೀರಿಸದೆ ಮಾರಿದ್ದರೆ, ನೀವು ಪೂರ್ತಿ ಹಣ ಕೊಟ್ಟ ಮೇಲೂ ಸಾಲ ಕೊಟ್ಟ ಕಂಪನಿ ಗಾಡಿಯ ಮೇಲೆ ಹಕ್ಕು ಸಾಧಿಸಬಹುದು. ಕೆಲವು ಪೌಂಡ್ ಕೊಟ್ಟರೆ ಬಾಕಿ ಸಾಲ, ಕಳವು, ಅಪಘಾತದ ದಾಖಲೆ ತೋರಿಸುವ ಖಾಸಗಿ ಸೇವೆಗಳಿವೆ. ಅಲ್ಲಿ ಜಿಪುಣತನ ಬೇಡ.

ಹೊರಡುವ ಮೊದಲೇ ಮಾಡಬಹುದಾದ ಇನ್ನೊಂದು ಕೆಲಸ ವಿಮೆಯ ದರ ನೋಡುವುದು. ಭಾರತದ ಲೈಸೆನ್ಸಿನಲ್ಲಿ ಅಲ್ಲಿ ನೆಲೆಸಿದ ದಿನದಿಂದ 12 ತಿಂಗಳು ಓಡಿಸಬಹುದು, ಆದರೆ ವಿಮೆಯವರು ಅದಕ್ಕೆ ಹೆಚ್ಚು ದುಡ್ಡು ಕೇಳುತ್ತಾರೆ. ಕಾರು ಅಗ್ಗ, ವಿಮೆ ದುಬಾರಿ ಎಂದಾಗುವುದುಂಟು. ವರ್ಷ ಕಳೆದ ಮೇಲೂ ಓಡಿಸಬೇಕಾದರೆ ಅಲ್ಲಿನ ಪರೀಕ್ಷೆಯನ್ನೇ ಬರೆದು, ಓಡಿಸಿ ಗೆಲ್ಲಬೇಕು. ಆಟೊಮ್ಯಾಟಿಕ್‌ನಲ್ಲಿ ಪಾಸಾದರೆ ಆಟೊಮ್ಯಾಟಿಕ್ ಮಾತ್ರ ಓಡಿಸುವ ಲೈಸೆನ್ಸ್ ಸಿಗುತ್ತದೆ, ಆದ್ದರಿಂದ ಗೇರಿನ ತೀರ್ಮಾನ ಈಗಲೇ ಆಗಲಿ.

ಯಾವ ಕಾರು ಎಂದು ಕೇಳುವವರಿಗೆ ಎರಡು ಮೂರು ಹೆಸರು. ಹೋಂಡಾ ಜಾಝ್ ಹೊರಗೆ ಪುಟ್ಟದು, ಒಳಗೆ ಮನೆ. ಹಿಂದಿನ ಸೀಟಿನ ಕೂರುವ ಭಾಗವನ್ನು ಮೇಲಕ್ಕೆ ಮಡಚಿದರೆ ವೆಟ್ ಗ್ರೈಂಡರ್ ನೆಟ್ಟಗೆ ನಿಲ್ಲುತ್ತದೆ. 2013ರಿಂದ 2020ರವರೆಗಿನ ಸ್ಕೋಡಾ ಆಕ್ಟೇವಿಯಾದ ಡಿಕ್ಕಿ 590 ಲೀಟರು, ಬೆಂಗಳೂರಿನಿಂದ ಬರುವ ಅಜ್ಜಿ ತಾತನ ಪೆಟ್ಟಿಗೆಗಳಿಗೆ ಸಾಕು. ಟೊಯೋಟಾದ ಹೈಬ್ರಿಡ್ ಗಾಡಿಯನ್ನು ಅವರ ಅಧಿಕೃತ ಕೇಂದ್ರದಲ್ಲೇ ಸರ್ವಿಸ್ ಮಾಡಿಸುತ್ತ ಹೋದರೆ ಹತ್ತು ವರ್ಷ ಅಥವಾ 1,00,000 ಮೈಲಿಯವರೆಗೂ ವಾರಂಟಿ ಮುಂದುವರಿಯುತ್ತದೆ. ಹೆಸರು ಯಾವುದೇ ಆಗಲಿ, ಟೈಮಿಂಗ್ ಬೆಲ್ಟ್ ಇರುವ ಎಂಜಿನ್ ಆದರೆ ಅದನ್ನು ಬದಲಿಸಿದ ಬಿಲ್ ಕೇಳಿ. ಆ ಬೆಲ್ಟ್ ಕಿತ್ತರೆ ಹೆಚ್ಚಿನ ಎಂಜಿನ್‌ಗಳು ಹಾಳೇ. ಲಂಡನ್ ಕಡೆ ಓಡಾಟವಿದ್ದರೆ ಪೆಟ್ರೋಲ್ ಯೂರೋ 4, ಡೀಸೆಲ್ ಯೂರೋ 6 ಹೊಗೆಮಿತಿಯ ಮಟ್ಟಕ್ಕೆ ಇರಲೇಬೇಕು, ಇಲ್ಲವಾದರೆ ದಿನಕ್ಕೆ 12.50 ಪೌಂಡ್ ಸುಂಕ.

ಇಷ್ಟು ಓದಿಟ್ಟುಕೊಂಡು ನಾಲ್ಕೈದು ಗಾಡಿ ಆರಿಸಿಡಿ. ಆದರೆ ಇಲ್ಲಿಂದಲೇ ಮುಂಗಡ ಕಳಿಸಬೇಡಿ, ಎಷ್ಟೇ ಚೆಂದದ ಫೋಟೋ ಬಂದರೂ. ಅಲ್ಲಿಗೆ ಹೋದ ಮೇಲೆ ಬೆಳಿಗ್ಗೆಯೇ ನೋಡಲು ಹೋಗಿ, ಮೊದಲು ಬಾನೆಟ್ ಮೇಲೆ ಕೈಯಿಡಿ. ಬೆಚ್ಚಗಿದ್ದರೆ ನೀವು ಬರುವ ಮೊದಲೇ ಸ್ಟಾರ್ಟ್ ಮಾಡಿದ್ದಾರೆ, ತಣ್ಣಗಿನ ಎಂಜಿನ್ನಿನ ಕೆಮ್ಮು ನಿಮಗೆ ಕೇಳಿಸಬಾರದು ಅಂತ. ಇಪ್ಪತ್ತು ಪೆನ್ಸಿನ ನಾಣ್ಯವನ್ನು ಟಯರಿನ ಗೀರಿನೊಳಗೆ ಇಳಿಸಿ ನೋಡಿ: ಅಂಚಿನ ಪಟ್ಟಿ ಮುಚ್ಚಿದರೆ ಟಯರಿಗೆ ಇನ್ನೂ ಆಯುಸ್ಸಿದೆ. ಡೀಲರ್ ಹತ್ತಿರ ಕೊಂಡರೆ, ದೋಷ ಕಂಡಾಗ 30 ದಿನದೊಳಗೆ ಗಾಡಿ ಹಿಂತಿರುಗಿಸಿ ಹಣ ಕೇಳುವ ಹಕ್ಕನ್ನು 2015ರ ಗ್ರಾಹಕರ ಕಾಯ್ದೆ ಕೊಡುತ್ತದೆ. ಖಾಸಗಿಯವರ ಹತ್ತಿರ ಆ ಆಸರೆ ಇಲ್ಲ, ಅದಕ್ಕೇ ಬೆಲೆ ಕಡಿಮೆ. ಮೊದಲ ಗಾಡಿಗೆ ನಾನಾದರೆ ನಾಲ್ಕು ಕಾಸು ಹೆಚ್ಚಾದರೂ ಡೀಲರ್ ಹತ್ತಿರವೇ ಹೋಗುತ್ತೇನೆ.

ಬೀಗದ ಕೈ ಸಿಕ್ಕ ತಕ್ಷಣ ಹೊರಡುವಂತಿಲ್ಲ. ಹಳಬ ಕಟ್ಟಿದ ರಸ್ತೆ ತೆರಿಗೆ 2014ರ ಅಕ್ಟೋಬರ್‌ನಿಂದ ಈಚೆಗೆ ಹೊಸಬನಿಗೆ ದಾಟುವುದಿಲ್ಲ. ಲಾಗ್‌ಬುಕ್ಕಿನಿಂದ ಹರಿದುಕೊಟ್ಟ ಹಸಿರು ಚೀಟಿಯ 12 ಅಂಕಿಗಳನ್ನು ಮೊಬೈಲಿನಲ್ಲಿ ಒತ್ತಿ, ವಿಮೆ ಶುರುವಾಗಿದೆಯೇ ನೋಡಿ, ತೆರಿಗೆ ಕಟ್ಟಿ ರಸ್ತೆಗಿಳಿಯಬೇಕು. ಅಷ್ಟು ಹೊತ್ತಿಗೆ ಹಿಂದಿನ ಸೀಟಿನಲ್ಲಿ ಮಕ್ಕಳ ಕುರ್ಚಿ ಕಟ್ಟಿ ಮುಗಿಸಬಹುದು. 12 ವರ್ಷ ತುಂಬುವ ತನಕ, ಇಲ್ಲವೇ 135 ಸೆಂಟಿಮೀಟರ್ ಎತ್ತರ ಬರುವ ತನಕ, ಅದು ಅಲ್ಲಿ ಕಡ್ಡಾಯ.