ವ್ಯಾಯಾಮಾನಂತರದ ಶರ್ಕರಪಿಷ್ಟವೂ ತೂಕ ಇಳಿಸುವ ಪ್ರಯತ್ನವೂ

ದೇಹದ ತೂಕವನ್ನು ಇಳಿಸಬೇಕೆಂದು ಸಂಕಲ್ಪಿಸಿ ಬೆಳಗಿನ ಜಾವ ಮೈದಾನಕ್ಕೆ ಬರುವವರ ಸಂಖ್ಯೆ ನಮ್ಮ ಊರುಗಳಲ್ಲಿಯೂ ಹೆಚ್ಚುತ್ತಿರುವುದು ಸಂತೋಷದ ಸಂಗತಿ. ಅವರಲ್ಲಿ ಕೆಲವರು ಓಟವೋ ಕಸರತ್ತೋ ಮುಗಿದೊಡನೆ ಡಬ್ಬಿಯಲ್ಲಿ ದೊರೆಯುವ ಶರ್ಕರಪಿಷ್ಟದ ಪುಡಿಯನ್ನು ನೀರಿನಲ್ಲಿ ಕದಡಿ ಕುಡಿಯುತ್ತಾರೆ. ಮತ್ತೆ ಕೆಲವರು ಇದಕ್ಕೆ ತದ್ವಿರುದ್ಧವಾಗಿ, ಅನ್ನ, ರೊಟ್ಟಿ, ಮುದ್ದೆಗಳೆಲ್ಲವೂ ವರ್ಜ್ಯವೆಂದು ಬಗೆದು ಮಧ್ಯಾಹ್ನದವರೆಗೆ ಬರಿಹೊಟ್ಟೆಯಲ್ಲಿರುತ್ತಾರೆ. ಇವರಲ್ಲಿ ಯಾರ ನಡೆ ಸರಿ? ಈ ಪ್ರಶ್ನೆ ಕೇವಲ ವೈಯಕ್ತಿಕವಾದುದಲ್ಲ. ವಿದ್ಯಾರ್ಥಿನಿಲಯದ ಕ್ರೀಡಾಪಟುಗಳಿಗೆ ಇಂತಹ ಡಬ್ಬಿಗಳನ್ನು ಕೊಡಿಸಲು ಬಯಸುವ ದಾನಿಗಳಿಗೂ, ಕೊಡಿಸಿರೆಂದು ಕೇಳುವ ಉಪಾಧ್ಯಾಯರಿಗೂ ಇದು ಸಂಬಂಧಿಸಿದ್ದು.

ನಾವು ಉಂಡ ಶರ್ಕರಪಿಷ್ಟದ ಒಂದು ಭಾಗ ಗ್ಲೈಕೋಜನ್ ಎಂಬ ರೂಪದಲ್ಲಿ ದೇಹದಲ್ಲಿ ಸಂಗ್ರಹವಾಗುತ್ತದೆ. ವಯಸ್ಕರ ಯಕೃತ್ತಿನಲ್ಲಿ ಸುಮಾರು 100 ಗ್ರಾಂ, ಮಾಂಸಖಂಡಗಳಲ್ಲಿ ಸುಮಾರು 400 ಗ್ರಾಂ. ಇಷ್ಟೇ ಈ ಕಣಜದ ಅಳತೆ. ಬಿರುಸಿನ ಓಟದಲ್ಲಿ, ಕುಸ್ತಿಯಲ್ಲಿ, ಕಬಡ್ಡಿಯಲ್ಲಿ ಮೊದಲು ಕರಗುವುದು ಇದೇ. 1966ರಲ್ಲಿ ಸ್ವೀಡನ್ನಿನ ಬರ್ಗ್‌ಸ್ಟ್ರೋಮ್ ಮತ್ತು ಹುಲ್ಟ್‌ಮನ್ ಎಂಬ ವೈದ್ಯರಿಬ್ಬರು ತಮ್ಮ ಮೇಲೆಯೇ ಒಂದು ಸೊಗಸಾದ ಪ್ರಯೋಗ ಮಾಡಿಕೊಂಡರು. ಒಂದು ಕಾಲಿನಿಂದ ಮಾತ್ರ ಸೈಕಲ್ ಯಂತ್ರವನ್ನು ತುಳಿದು ಆ ಕಾಲನ್ನು ಸಂಪೂರ್ಣ ದಣಿಸಿದರು, ಇನ್ನೊಂದಕ್ಕೆ ವಿಶ್ರಾಂತಿ. ಅನಂತರ ಮೂರು ದಿನ ಶರ್ಕರಪಿಷ್ಟಪ್ರಧಾನವಾದ ಆಹಾರವನ್ನು ಸೇವಿಸಿ, ಸೂಜಿಯ ಮೂಲಕ ತೊಡೆಯ ಮಾಂಸದ ತುಣುಕುಗಳನ್ನು ತೆಗೆದು ಪರೀಕ್ಷಿಸಿದರು. ದಣಿದ ಕಾಲಿನಲ್ಲಿ ಗ್ಲೈಕೋಜನ್ ಇನ್ನೊಂದರ ಎರಡರಷ್ಟಾಗಿತ್ತು! ದುಡಿದ ಮಾಂಸಖಂಡವೇ ಆಹಾರವನ್ನು ತನ್ನತ್ತ ಸೆಳೆದುಕೊಳ್ಳುತ್ತದೆಂಬುದು ಇದರಿಂದ ಸಿದ್ಧವಾಯಿತು.

ವ್ಯಾಯಾಮ ಮುಗಿದ ತಕ್ಷಣ ಪಿಷ್ಟವನ್ನು ಸೇವಿಸಬೇಕೆಂಬ ಮಾತಿಗೆ ಬಲ ಬಂದದ್ದು 1988ರಲ್ಲಿ. ಅಮೆರಿಕದ ಜಾನ್ ಐವಿ ಮತ್ತು ಸಂಗಡಿಗರು, ತಕ್ಷಣವೇ ಸೇವಿಸಿದಾಗ ಗ್ಲೈಕೋಜನ್ ವೇಗವಾಗಿಯೂ, ಎರಡು ಗಂಟೆ ತಡೆದು ಸೇವಿಸಿದಾಗ ನಿಧಾನವಾಗಿಯೂ ತುಂಬುವುದನ್ನು ಆಗ ತೋರಿಸಿದರು. ಡಬ್ಬಿ ಮಾರುವವರು ಈ ಮಾತನ್ನು ಇಂದಿಗೂ ಬಿಟ್ಟಿಲ್ಲ. ಆದರೆ 1997ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನವನ್ನು ಅವರು ಹೇಳುವುದಿಲ್ಲ: ಸಾಕಷ್ಟು ಆಹಾರ ಸಿಕ್ಕಿದ್ದೇ ಆದರೆ, ಎರಡು ಗಂಟೆ ತಡವಾಗಿ ತಿಂದವರಲ್ಲಿಯೂ ಎಂಟು ಗಂಟೆಗಳ ಹೊತ್ತಿಗೆ ಗ್ಲೈಕೋಜನ್ ಸಮಸಮವಾಗಿತ್ತು. ಅಂದರೆ ಈ ಅವಸರವೆಲ್ಲ ಬೆಳಿಗ್ಗೆ ಒಂದು ಪಂದ್ಯ, ಮಧ್ಯಾಹ್ನ ಮತ್ತೊಂದು ಪಂದ್ಯ ಇರುವವನಿಗೆ. ನಾಳೆ ಬೆಳಿಗ್ಗೆ ಮತ್ತೆ ಓಡುವವನಿಗೆ ಮನೆಯ ಊಟವೇ ಧಾರಾಳವಾಗಿ ಸಾಕು.

ಈಗ ತೂಕದ ಲೆಕ್ಕಕ್ಕೆ ಬರೋಣ. ಒಂದು ಗ್ರಾಂ ಶರ್ಕರಪಿಷ್ಟದಿಂದ ದೊರೆಯುವ ಶಕ್ತಿ 4 ಕ್ಯಾಲೊರಿ. 50 ಗ್ರಾಂ ಪುಡಿಯ ಒಂದು ಲೋಟದಲ್ಲಿ ಸುಮಾರು 200 ಕ್ಯಾಲೊರಿ. 65 ಕಿಲೋ ತೂಕದವರು ನಾಲ್ಕು ಕಿಲೋಮೀಟರು ಬಿರುಸಾಗಿ ನಡೆದರೆ ವ್ಯಯವಾಗುವುದೂ ಹೆಚ್ಚುಕಡಿಮೆ ಅಷ್ಟೇ. ಮುಕ್ಕಾಲು ಗಂಟೆಯ ನಡಿಗೆಯ ಗಳಿಕೆಯನ್ನು ಅರ್ಧ ನಿಮಿಷದಲ್ಲಿ ಕುಡಿದು ಮುಗಿಸಿದಂತಾಯಿತು. ಪಿಷ್ಟವೇ ಕೊಬ್ಬಾಗಿ ಬಿಡುತ್ತದೆಂದು ಹೆದರಬೇಕಾದುದಿಲ್ಲ. ದಿನದ ಒಟ್ಟು ಆಹಾರವು ಒಟ್ಟು ವ್ಯಯಕ್ಕಿಂತ ಕಡಿಮೆಯಿದ್ದರೆ ತೂಕ ಇಳಿದೇ ಇಳಿಯುತ್ತದೆ. ಆ ಲೋಟವು ದಿನದ ಊಟದ ಲೆಕ್ಕದೊಳಗೆ ಸೇರಿದೆಯೋ, ಅದರ ಮೇಲೆ ಬಂದಿದೆಯೋ ಎಂಬುದೇ ಇಲ್ಲಿಯ ಪ್ರಶ್ನೆ. ಬಹುಮಂದಿಗೆ ಅದು ಮೇಲೆಯೇ ಬಂದಿರುತ್ತದೆ.

ಹಾಗೆಂದು ಪಿಷ್ಟವನ್ನು ಪೂರ್ಣವಾಗಿ ತೊರೆದವರು ಜಾಣರೆಂದಲ್ಲ. ಒಂದು ಗ್ರಾಂ ಗ್ಲೈಕೋಜನ್ನಿನೊಡನೆ ಸುಮಾರು ಮೂರು ಗ್ರಾಂ ನೀರು ಸೇರಿಕೊಂಡಿರುತ್ತದೆ. ಊಟ ಬಿಟ್ಟ ಮೊದಲ ವಾರದಲ್ಲಿ ತಕ್ಕಡಿ ಒಂದೂವರೆ ಕಿಲೋ ಕಡಿಮೆ ತೋರಿಸಿದರೆ, ಹೋದದ್ದರಲ್ಲಿ ಹೆಚ್ಚಿನದು ನೀರು. ಒಂದು ದಿನ ರೊಟ್ಟಿ ತಿಂದೊಡನೆ ಅದು ಮರಳಿ ಬರುತ್ತದೆ. ಕೊಬ್ಬು ಬಂದಿತೆಂದು ಗಾಬರಿಯಾಗಿ ಮತ್ತೆ ಉಪವಾಸ ಹಿಡಿಯುವವರನ್ನು ನಾವೆಲ್ಲ ಬಲ್ಲೆವು. ಗ್ಲೈಕೋಜನ್ ಬರಿದಾದ ದೇಹಕ್ಕೆ ಮರುದಿನದ ಬಿರುಸಿನ ವ್ಯಾಯಾಮವೇ ಭಾರವಾಗುತ್ತದೆ. ಆದ್ದರಿಂದ ತೂಕ ಇಳಿಸುವವರು ದಿನದ ಪಾಲಿನ ರೊಟ್ಟಿಯನ್ನೋ ಮುದ್ದೆಯನ್ನೋ ವ್ಯಾಯಾಮದ ಅನಂತರದ ಊಟಕ್ಕೆ ಇರಿಸಿಕೊಂಡು, ಜೊತೆಗೆ ಮೊಳಕೆಕಾಳು, ಬೇಳೆ, ಮಜ್ಜಿಗೆಗಳನ್ನು ಸೇರಿಸಿಕೊಳ್ಳುವುದು ಲೇಸು. ಸಸಾರಜನಕ ದೊರೆತರೆ ಇಳಿಯುವ ತೂಕದಲ್ಲಿ ಮಾಂಸಖಂಡದ ಪಾಲು ಕಡಿಮೆಯಾಗುತ್ತದೆ. ಹಸಿವೂ ಹಿಡಿತದಲ್ಲಿರುತ್ತದೆ.

ವಿದ್ಯಾರ್ಥಿನಿಲಯದ ಮಾತೇ ಬೇರೆ. ಬೆಳೆಯುವ ಮಕ್ಕಳು ಹಿರಿಯರನ್ನು ನೋಡಿ ಊಟ ಬಿಡುವ ಹವ್ಯಾಸಕ್ಕೆ ಬೀಳದಂತೆ ಉಪಾಧ್ಯಾಯರು ಎಚ್ಚರ ವಹಿಸಬೇಕು. ಪಂದ್ಯಾವಳಿಯ ದಿನ ಎರಡು ಆಟಗಳ ನಡುವೆ ಅವಧಿ ಕಡಿಮೆಯಿದ್ದಾಗ, ಪ್ರತಿ ಕಿಲೋ ತೂಕಕ್ಕೆ ಗಂಟೆಗೆ ಒಂದು ಗ್ರಾಂನಷ್ಟು ಶರ್ಕರಪಿಷ್ಟ ಬೇಕೆಂದು ಕ್ರೀಡಾಪೋಷಣೆಯ ತಜ್ಞರ ಮತ. 50 ಕಿಲೋ ತೂಕದ ಹುಡುಗನಿಗೆ ಎರಡು ದೊಡ್ಡ ಬಾಳೆಹಣ್ಣು, ಇಲ್ಲವೇ 50 ಗ್ರಾಂ ಬೆಲ್ಲದ ಪಾನಕ ಅದನ್ನು ಒದಗಿಸುತ್ತದೆ. ಡಬ್ಬಿಯಲ್ಲಿರುವುದೂ ಬಹುಮಟ್ಟಿಗೆ ಗ್ಲುಕೋಸ್ ಅಥವಾ ಮುಸುಕಿನ ಜೋಳದ ಪಿಷ್ಟದಿಂದ ತಯಾರಿಸಿದ ಮಾಲ್ಟೋಡೆಕ್ಸ್‌ಟ್ರಿನ್. ಹಣ್ಣಿಗಿಲ್ಲದ ಯಾವ ಶಕ್ತಿಯೂ ಅದಕ್ಕಿಲ್ಲ. ದಾನಿಗಳು ಆ ಹಣವನ್ನು ವರ್ಷದುದ್ದಕ್ಕೂ ಹಾಲು, ಹೆಸರುಕಾಳು, ಬಾಳೆಹಣ್ಣುಗಳಿಗೆ ವಿನಿಯೋಗಿಸಿದರೆ ಪ್ರಯೋಜನ ಹೆಚ್ಚು.

ಮಧುಮೇಹಕ್ಕೆ ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಮಾತ್ರ ಮೇಲಿನ ಲೆಕ್ಕ ಅನ್ವಯಿಸದು. ವ್ಯಾಯಾಮದಿಂದ ಅವರ ರಕ್ತದ ಸಕ್ಕರೆ ಹಠಾತ್ತನೆ ಕುಸಿಯಬಹುದಾದ್ದರಿಂದ, ಅವರ ಜೇಬಿನಲ್ಲಿ ಗ್ಲುಕೋಸ್ ಸದಾ ಇರಬೇಕು. ಬೆವರು, ನಡುಕ, ಕಣ್ಣು ಮಂಜಾಗುವಿಕೆ ಕಂಡೊಡನೆ ತೂಕದ ಯೋಚನೆಯನ್ನು ಬದಿಗಿಟ್ಟು ಅದನ್ನು ಸೇವಿಸಬೇಕು.