ಗಿಟಾರಿನ ತಂತಿ ಎಷ್ಟು ಎತ್ತರದಲ್ಲಿರಬೇಕು?

ಗಿಟಾರ್ ಕಲಿಯಲು ಹೊರಟ ವಿದ್ಯಾರ್ಥಿಗಳಲ್ಲಿ ಅನೇಕರು ಎರಡು ಮೂರು ತಿಂಗಳಲ್ಲೇ ಅದನ್ನು ಗೋಡೆಗೆ ಒರಗಿಸಿಬಿಡುತ್ತಾರೆ. ಬೆರಳ ತುದಿ ಉರಿಯುತ್ತದೆ. ಎಷ್ಟು ಒತ್ತಿದರೂ ಸ್ವರ ಅಪಶ್ರುತಿಯಾಗಿಯೇ ಕೇಳುತ್ತದೆ. ತಮಗೆ ಸಂಗೀತ ಒಲಿಯಲಾರದೆಂದು ಅವರು ನಿರ್ಧರಿಸುತ್ತಾರೆ. ಈ ನಿರ್ಧಾರ ಎಷ್ಟೋ ವೇಳೆ ಅನ್ಯಾಯದ್ದು. ದೋಷವಿರುವುದು ಬೆರಳಿನಲ್ಲೂ ಅಲ್ಲ, ಕಿವಿಯಲ್ಲೂ ಅಲ್ಲ. ತಂತಿಗೂ ಅದರ ಕೆಳಗಿನ ಮೆಟ್ಟಿಲಿಗೂ ನಡುವೆ ಒಂದೆರಡು ಮಿಲಿಮೀಟರಿನಷ್ಟು ಹೆಚ್ಚಾಗಿ ಉಳಿದಿರುವ ಅಂತರದಲ್ಲಿ. ಅಗ್ಗದ ವಾದ್ಯಗಳಲ್ಲಿ ಇದು ಸಾಮಾನ್ಯ. ಇದನ್ನು ಸರಿಪಡಿಸಲು ಬೇಕಾದ ವಿದ್ಯೆ ಹೈಸ್ಕೂಲಿನ ರೇಖಾಗಣಿತ ಮತ್ತು ಹುಕ್ಕನ ನಿಯಮ, ಇಷ್ಟೇ.

ವೀಣೆಯನ್ನು ಹತ್ತಿರದಿಂದ ನೋಡಿದವರಿಗೆ ಗಿಟಾರಿನ ರಚನೆ ಹೊಸದಲ್ಲ. ನಮ್ಮ ವೀಣೆಯಲ್ಲಿ 24 ಲೋಹದ ಮೆಟ್ಟಿಲುಗಳನ್ನು ಮೇಣದಲ್ಲಿ ಕೂರಿಸಿರುತ್ತಾರೆ. ಮೇಣವನ್ನು ಬಿಸಿಮಾಡಿ ಯಾವ ಮೆಟ್ಟಿಲನ್ನಾದರೂ ಕೂದಲೆಳೆಯಷ್ಟು ಎತ್ತಬಹುದು, ಇಳಿಸಬಹುದು, ಪಕ್ಕಕ್ಕೆ ಸರಿಸಬಹುದು. ಮೇಳ ಕಟ್ಟುವುದೆಂದು ಕರೆಯುವ ಈ ಕೆಲಸವನ್ನು ಆಗಾಗ ಹೊಸದಾಗಿ ಮಾಡಿಸಬೇಕಾದೀತು, ಆದರೆ ಮಾಡಿಸಲು ಸಾಧ್ಯವಂತೂ ಇದೆ. ಗಿಟಾರಿನ ಮೆಟ್ಟಿಲುಗಳಾದರೋ ಮರದೊಳಕ್ಕೆ ಬಡಿದು ಕೂರಿಸಿದವು. ಅವು ಕದಲುವಂತಿಲ್ಲ. ಆದಕಾರಣ ತಂತಿಯ ಎತ್ತರವನ್ನು ಮೂರು ಕಡೆಗಳಿಂದ ಮಾತ್ರ ತಿದ್ದಬಹುದು: ಬಿರಡೆಗಳ ಬಳಿ ತಂತಿ ಹಾಯುವ ನಟ್ ಎಂಬ ಪಟ್ಟಿ, ಇನ್ನೊಂದು ತುದಿಯಲ್ಲಿ ಕುದುರೆಯ ಮೇಲಿರುವ ಸ್ಯಾಡಲ್ ಎಂಬ ಪಟ್ಟಿ, ಮತ್ತು ಇವೆರಡರ ನಡುವಣ ದಂಡಿಯ ಬಾಗು.

ಎತ್ತರ ಹೆಚ್ಚಾದರೆ ಬೆರಳು ನೋಯುವುದು ಸರಿ, ಶ್ರುತಿ ಏಕೆ ಕೆಡಬೇಕು? ಒಂದು ಲೆಕ್ಕ ಮಾಡಿ ನೋಡೋಣ. ಉಕ್ಕಿನ ತಂತಿಯ ಗಿಟಾರಿನಲ್ಲಿ ನಟ್‌ನಿಂದ ಸ್ಯಾಡಲ್‌ವರೆಗಿನ ಉದ್ದ ಸುಮಾರು 648 ಮಿ.ಮೀ. ಮೊದಲನೆಯ ತಂತಿ ಸೆಕೆಂಡಿಗೆ 330 ಸಲ ಕಂಪಿಸಬೇಕು. ಅದಕ್ಕೆ ಬೇಕಾದ ಬಿಗಿತಕ್ಕೆ ಆ ತಂತಿ ಎಷ್ಟು ಹಿಗ್ಗಿರುತ್ತದೆಂದು ಉಕ್ಕಿನ ಯಂಗ್ ಗುಣಾಂಕದಿಂದ ತಿಳಿಯಬಹುದು. ಉತ್ತರ ಸುಮಾರು 4.6 ಮಿ.ಮೀ. ಈಗ ತಂತಿಯ ನಟ್ಟನಡುವಿನಲ್ಲಿರುವ 12ನೆಯ ಮೆಟ್ಟಿಲಿನ ಮೇಲೆ ಒತ್ತೋಣ. ಎತ್ತರ 4 ಮಿ.ಮೀ. ಇದ್ದರೆ ಪೈಥಾಗೊರಸನ ಪ್ರಮೇಯದಂತೆ ತಂತಿ ಇನ್ನೂ 0.05 ಮಿ.ಮೀ. ಹಿಗ್ಗುತ್ತದೆ. ಕಣ್ಣಿಗೆ ಕಾಣದ ಈ ಹಿಗ್ಗು ಬಿಗಿತವನ್ನು ಶೇಕಡಾ 1ರಷ್ಟು ಏರಿಸುತ್ತದೆ. ಕಂಪನಸಂಖ್ಯೆ ಬಿಗಿತದ ವರ್ಗಮೂಲವನ್ನು ಅನುಸರಿಸುವುದರಿಂದ ಅದು ಶೇಕಡಾ ಅರ್ಧದಷ್ಟು ಏರುತ್ತದೆ. ಎಂದರೆ ಒಂದು ಅರ್ಧಸ್ವರದ ಹನ್ನೊಂದನೆಯ ಒಂದು ಪಾಲು.

ಎತ್ತರವನ್ನು 2 ಮಿ.ಮೀ.ಗೆ ಇಳಿಸಿದರೆ ತಪ್ಪು ಅರ್ಧವಾಗುವುದಿಲ್ಲ, ಕಾಲುಭಾಗಕ್ಕೆ ಇಳಿಯುತ್ತದೆ. ಹಿಗ್ಗು ಎತ್ತರದ ವರ್ಗಕ್ಕೆ ಅನುಗುಣವಾಗಿರುವುದೇ ಇದಕ್ಕೆ ಕಾರಣ. ಇಲ್ಲಿ ಇನ್ನೊಂದು ಸ್ವಾರಸ್ಯವಿದೆ. ತಂತಿಗೆ ಎಷ್ಟು ಹಿಗ್ಗು ಬೇಕೆಂಬುದು ಅದರ ದಪ್ಪವನ್ನು ಅವಲಂಬಿಸಿಲ್ಲ, ಕಂಪನಸಂಖ್ಯೆಯ ವರ್ಗವನ್ನು ಮಾತ್ರ ಅವಲಂಬಿಸಿದೆ. ಸೆಕೆಂಡಿಗೆ 247 ಸಲ ಕಂಪಿಸುವ ಎರಡನೆಯ ತಂತಿ ಹಿಗ್ಗಿರುವುದು ಕೇವಲ 2.6 ಮಿ.ಮೀ. ಅದೇ 0.05 ಮಿ.ಮೀ. ಅದಕ್ಕೆ ಹೆಚ್ಚಿನ ಹೊರೆ: ತಪ್ಪು ಅರ್ಧಸ್ವರದ ಆರನೆಯ ಒಂದು ಪಾಲಿಗೆ ಏರುತ್ತದೆ. ಒಂದೇ ವಾದ್ಯದ ತಂತಿಗಳು ಹೀಗೆ ಬೇರೆ ಬೇರೆ ಪ್ರಮಾಣದಲ್ಲಿ ಕೆಡುವುದರಿಂದ ಬಿರಡೆ ತಿರುಗಿಸಿ ಇದನ್ನು ಸರಿಪಡಿಸುವ ಆಸೆ ವ್ಯರ್ಥ.

ಹಾಗಾದರೆ ತಂತಿಯನ್ನು ಆದಷ್ಟೂ ಕೆಳಗಿಳಿಸಬಹುದೆ? ಮೀಟಿದ ತಂತಿಗೆ ಆಡಲು ಅವಕಾಶ ಬೇಕು. ಇಲ್ಲದಿದ್ದರೆ ಅದು ಮುಂದಿನ ಮೆಟ್ಟಿಲಿಗೆ ತಗುಲಿ ಝರ್ರೆನ್ನುತ್ತದೆ. (ಗಿಟಾರಿನಲ್ಲಿ ದೋಷವಾದ ಈ ತಗುಲುವಿಕೆಯೇ ತಂಬೂರಿಯಲ್ಲಿ ಗುಣ. ಅಲ್ಲಿ ಕುದುರೆಯ ಮೇಲೆ ದಾರದ ಎಳೆಯಿಟ್ಟು ಬೇಕೆಂದೇ ತಂತಿ ಸವರಿಕೊಂಡು ಕಂಪಿಸುವಂತೆ ಮಾಡುತ್ತಾರೆ. ವೀಣೆ ತಂಬೂರಿಗಳ ಕುದುರೆಯಿಂದ ಉಪಸ್ವರಗಳು ಹೇಗೆ ಸಮೃದ್ಧವಾಗುತ್ತವೆಂಬುದನ್ನು ಸಿ.ವಿ. ರಾಮನ್ನರು 1921ರಲ್ಲಿ ಪ್ರಕಟಿಸಿದ ಲೇಖನದಲ್ಲಿ ವಿವರಿಸಿದ್ದಾರೆ.) ಉಕ್ಕಿನ ತಂತಿಯ ಗಿಟಾರಿಗೆ 12ನೆಯ ಮೆಟ್ಟಿಲಿನ ಮೇಲೆ ದಪ್ಪ ತಂತಿಗೆ ಸುಮಾರು 2.5 ಮಿ.ಮೀ., ತೆಳು ತಂತಿಗೆ ಸುಮಾರು 2 ಮಿ.ಮೀ. ಇದ್ದರೆ ಸಾಕು. ನೈಲಾನ್ ತಂತಿ ಹೆಚ್ಚು ಅಗಲವಾಗಿ ಆಡುವುದರಿಂದ ಅದಕ್ಕೆ ಕ್ರಮವಾಗಿ 4 ಮತ್ತು 3 ಮಿ.ಮೀ. ಬೇಕಾದೀತು.

ಅಳೆಯುವುದೇ ಮೊದಲ ಕೆಲಸ. ಅಂಗಡಿಯ ಅಳತೆಪಟ್ಟಿಯ ಸೊನ್ನೆ ಪಟ್ಟಿಯ ಅಂಚಿನಲ್ಲಿರುವುದಿಲ್ಲವಾದ್ದರಿಂದ ಅದು ಪ್ರಯೋಜನಕ್ಕೆ ಬಾರದು. ಗ್ರಾಫ್ ಕಾಗದದ ಚೂರನ್ನು ರಟ್ಟಿಗೆ ಅಂಟಿಸಿ ಗೆರೆಯ ಮೇಲೆಯೇ ಕತ್ತರಿಸಿಕೊಂಡರೆ ಒಳ್ಳೆಯ ಮಾಪಕ ಸಿದ್ಧ. ತಂತಿಗಳು ಸರಿಯಾದ ಶ್ರುತಿಯಲ್ಲಿರುವಾಗಲೇ ಅಳೆಯಬೇಕು. ಆರು ಉಕ್ಕಿನ ತಂತಿಗಳು ಒಟ್ಟಾಗಿ ಸುಮಾರು 70 ಕಿಲೋಗ್ರಾಂ ತೂಕದಷ್ಟು ಬಲದಿಂದ ದಂಡಿಯನ್ನು ಎಳೆಯುತ್ತಿರುತ್ತವೆ. ಸಡಿಲಿಸಿದಾಗ ವಾದ್ಯದ ಆಕಾರವೇ ಬೇರೆ.

ಅನಂತರ ದಂಡಿಯ ಬಾಗನ್ನು ಪರೀಕ್ಷಿಸಬೇಕು. ಒಂದು ತಂತಿಯನ್ನು 1ನೆಯ ಮತ್ತು 14ನೆಯ ಮೆಟ್ಟಿಲುಗಳಲ್ಲಿ ಏಕಕಾಲಕ್ಕೆ ಒತ್ತಿದರೆ ಆ ತಂತಿಯೇ ಸರಳರೇಖೆಯಾಗುತ್ತದೆ. ನಡುವೆ 7ನೆಯ ಮೆಟ್ಟಿಲ ಬಳಿ ಕಾಲು ಮಿಲಿಮೀಟರಿನಷ್ಟು ಸಂದು ಉಳಿಯಬೇಕು. ಕಾಲೇಜಿನ ಸ್ಕ್ರೂ ಗೇಜಿನಿಂದ ಅಳೆದ ವಿಸಿಟಿಂಗ್ ಕಾರ್ಡೊಂದು ಈ ಪರೀಕ್ಷೆಗೆ ಸಾಕು. ಸಂದು ಹೆಚ್ಚಾಗಿದ್ದರೆ, ದಂಡಿಯೊಳಗೆ ಟ್ರಸ್ ರಾಡ್ ಎಂಬ ಸರಳಿರುವ ವಾದ್ಯಗಳಲ್ಲಿ, ಅದನ್ನು ಒಂದು ದಿನಕ್ಕೆ ಕಾಲು ಸುತ್ತಿಗಿಂತ ಹೆಚ್ಚಾಗದಂತೆ ಬಿಗಿಮಾಡಬಹುದು. ಈ ಸರಳು ಇರುವುದು ಬಾಗನ್ನು ತಿದ್ದಲು. ಎತ್ತರ ಇಳಿಸುವ ಸುಲಭೋಪಾಯವೆಂದು ಅದನ್ನು ತಿರುಗಿಸುತ್ತಲೇ ಹೋಗಿ ದಂಡಿಯನ್ನು ಕೆಡಿಸಿಕೊಳ್ಳುವವರುಂಟು.

ನಟ್ ಬಗ್ಗೆ ಒಂದೇ ಮಾತು: 3ನೆಯ ಮೆಟ್ಟಿಲನ್ನು ಒತ್ತಿದಾಗ 1ನೆಯ ಮೆಟ್ಟಿಲ ಮೇಲೆ ಕಾಗದ ನುಸುಳುವಷ್ಟು ಸಂದು ಕಂಡರೆ ಅದು ಸರಿಯಾಗಿದೆ. 1950–60ರ ದಶಕಗಳಲ್ಲಿ ನಮ್ಮ ದೇಶದಲ್ಲಿ ಹವಾಯಿ ಗಿಟಾರ್ ಬಹು ಜನಪ್ರಿಯವಾಗಿತ್ತು; ಮಡಿಲಲ್ಲಿ ಮಲಗಿಸಿ ಉಕ್ಕಿನ ತುಂಡು ಜಾರಿಸಿ ನುಡಿಸುವ ಆ ಪದ್ಧತಿಗೆ ನಟ್‌ನ್ನು ಬೇಕೆಂದೇ ಎತ್ತರಿಸುತ್ತಿದ್ದರು. ಅಜ್ಜನ ಕಾಲದ ಗಿಟಾರ್ ಕೈಗೆ ಬಂದವರು ಇದನ್ನು ಮೊದಲು ನೋಡಬೇಕು.

ಉಳಿದದ್ದು ಸ್ಯಾಡಲ್. ನಟ್ ಸ್ಥಿರಬಿಂದು, 12ನೆಯ ಮೆಟ್ಟಿಲು ಅರ್ಧದಾರಿ. ಸಮರೂಪ ತ್ರಿಭುಜಗಳ ನಿಯಮದಂತೆ ಅರ್ಧದಾರಿಯಲ್ಲಿ 1 ಮಿ.ಮೀ. ಇಳಿಯಬೇಕಾದರೆ ಸ್ಯಾಡಲ್ 2 ಮಿ.ಮೀ. ಇಳಿಯಬೇಕು. 4 ಮಿ.ಮೀ. ಎತ್ತರವನ್ನು 2.5ಕ್ಕೆ ತರಲು 3 ಮಿ.ಮೀ. ಸವೆಸಬೇಕಾಯಿತು. ಸವೆಸಿದ ಮೇಲೆ ಅದು ಕುದುರೆಯಿಂದ 2 ಮಿ.ಮೀ.ಯಾದರೂ ಮೇಲೆ ಉಳಿಯುವುದೇ? ಉಳಿಯದಿದ್ದರೆ ತಂತಿ ಸ್ಯಾಡಲಿನ ಮೇಲೆ ಬಾಗದೆ ಸಡಿಲವಾಗಿ ಒರಗಿ, ನಾದ ಸಪ್ಪೆಯಾಗುತ್ತದೆ. ಅಂತಹ ವಾದ್ಯದಲ್ಲಿ ದಂಡಿ ಕೂಡಿಸಿದ ಕೋನವೇ ತಪ್ಪಿದೆ. ಅದನ್ನು ಬಿಚ್ಚಿ ಕೂರಿಸುವುದು ನುರಿತವರ ಕೆಲಸ, ವೆಚ್ಚ ಅಗ್ಗದ ಗಿಟಾರಿನ ಬೆಲೆಯನ್ನೇ ಮೀರೀತು. ಕೊಳ್ಳುವ ಮುನ್ನ ಅಂಗಡಿಯಲ್ಲೇ ಇದನ್ನು ನೋಡಿಕೊಳ್ಳುವುದು ಮೇಲು.

ನಮ್ಮ ಚಿತ್ರದುರ್ಗ, ಹಿರಿಯೂರುಗಳ ಕಡೆಯವರು ಋತುವನ್ನೂ ಗಮನಿಸಬೇಕು. ಮರ ತೇವ ಹೀರಿದಾಗ ಉಬ್ಬಿ ಗಿಟಾರಿನ ಮುಖಹಲಗೆ ಕುದುರೆಯನ್ನು ಮೇಲೆತ್ತುತ್ತದೆ. ಒಣಗಿದಾಗ ಕುಗ್ಗಿ ಕೆಳಗಿಳಿಸುತ್ತದೆ. ಕರಾವಳಿಯಿಂದ ತಂದ ವಾದ್ಯವನ್ನು ಬಂದ ವಾರದಲ್ಲೇ ಸವೆಸಿದರೆ, ನಮ್ಮ ಬಯಲುಸೀಮೆಯ ಒಣಹವೆಯಲ್ಲಿ ಅದು ತಾನಾಗಿಯೇ ಇಳಿದು ಏಪ್ರಿಲ್ ಹೊತ್ತಿಗೆ ಮೆಟ್ಟಿಲಿಗೆ ಬಡಿಯತೊಡಗೀತು. ಕೆಲವು ವಾರ ಕಾದು ಮತ್ತೊಮ್ಮೆ ಅಳೆಯುವುದು ಒಳ್ಳೆಯದು.

ಸವೆಸುವಾಗ ಸ್ಯಾಡಲನ್ನು ಹೊರತೆಗೆದು ಅದರ ತಳಕ್ಕೆ ಪೆನ್ಸಿಲಿನಿಂದ ಗೆರೆ ಹಾಕಿ, ಗಾಜಿನ ಮೇಲೆ ಹರಡಿದ ಉಪ್ಪುಕಾಗದಕ್ಕೆ ನೆಟ್ಟಗೆ ಹಿಡಿದು ಉಜ್ಜಬೇಕು. ಮೇಲಿನ ಬಾಗಿದ ಅಂಚನ್ನು ಮುಟ್ಟಬಾರದು. ತಳ ಓರೆಯಾದರೆ ಅದು ಕುದುರೆಯ ಗಾಡಿಯಲ್ಲಿ ಸರಿಯಾಗಿ ಕೂರದೆ ನಾದ ಕುಗ್ಗುತ್ತದೆ. ಗೆರೆಗಿಂತ ಅರ್ಧ ಮಿಲಿಮೀಟರು ಮೊದಲೇ ನಿಲ್ಲಿಸಿ, ತಂತಿ ಕಟ್ಟಿ, ಶ್ರುತಿಮಾಡಿ, ಅಳೆದು, ಆಮೇಲೆ ಉಳಿದುದನ್ನು ಉಜ್ಜಬೇಕು. ಹೊಸ ಸ್ಯಾಡಲ್ ದುಬಾರಿಯದಲ್ಲ. ಅದೊಂದನ್ನು ಕೊಂಡು ಅದನ್ನೇ ಸವೆಸಿ, ಮೂಲದ್ದನ್ನು ಪೆಟ್ಟಿಗೆಯಲ್ಲಿ ಜೋಪಾನವಾಗಿಡಿ.