ನೆರಳಿನ ಗ್ರಂಥಭಂಡಾರಗಳು

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳ ಕಡೆಯ ಕಾಲೇಜು ವಿದ್ಯಾರ್ಥಿಗೆ ಗ್ರಂಥದ ವಿಷಯಕ್ಕಿಂತ ಅದರ ಬೆಲೆಯೇ ಮೊದಲು ಎದುರಾಗುವ ಸಮಸ್ಯೆ. ಹೀಗಿರಲು ಅವನು ಕೈಯಲ್ಲಿರುವ ದೂರವಾಣಿಯಲ್ಲಿ ಹುಡುಕುವುದು ಸಹಜವೇ. ಅಲ್ಲಿ ಲೈಬ್ರರಿ ಜೆನೆಸಿಸ್, ಸೈ-ಹಬ್ ಮೊದಲಾದ ಭಂಡಾರಗಳು ಕಾಣಸಿಗುವುವು. ಅಲ್ಲಿ ಗ್ರಂಥವುಂಟು, ಶುಲ್ಕವಿಲ್ಲ; ಹಕ್ಕುದಾರರ ಅನುಮತಿಯೂ ಇಲ್ಲ. ಇವಕ್ಕೆ ನೆರಳಿನ ಗ್ರಂಥಾಲಯಗಳೆಂಬ ಹೆಸರು ಬಂದುದು ಅದರಿಂದಲೇ.

ಇಂಥ ಭಂಡಾರದಲ್ಲಿ ಒಂದು ಪುಸ್ತಕವನ್ನು ಗುರುತಿಸುವ ಬಗೆ ಹೇಗೆ? ಗಣಕಯಂತ್ರಕ್ಕೆ ಪ್ರತಿಯೊಂದು ಗ್ರಂಥವೂ ಸೊನ್ನೆ, ಒಂದುಗಳ ದೀರ್ಘವಾದ ಸಾಲು. ಆ ಸಾಲನ್ನು ಎಂಡಿ-5 ಎಂಬ ಗಣಿತಕ್ರಿಯೆಗೆ ಒಳಪಡಿಸಿದರೆ 128 ಬಿಟ್‌ಗಳ, ಎಂದರೆ 32 ಚಿಹ್ನೆಗಳ, ಒಂದು ಮುದ್ರೆ ಹೊರಬೀಳುವುದು. ಗ್ರಂಥವು ಐವತ್ತು ಪುಟದ್ದಾಗಲಿ, ಐದು ಸಾವಿರ ಪುಟದ್ದಾಗಲಿ, ಮುದ್ರೆಯ ಉದ್ದ ಅಷ್ಟೇ. ಆದರೆ ಒಳಗೆ ಒಂದು ಅಲ್ಪವಿರಾಮ ವ್ಯತ್ಯಾಸವಾದರೂ ಮುದ್ರೆ ಗುರುತೇ ಸಿಗದಷ್ಟು ಬದಲಾಗುವುದು. ಪ್ರತಿಗಳನ್ನು ಹಲವು ದೇಶಗಳ ಯಂತ್ರಗಳಲ್ಲಿ ಹಂಚಿಟ್ಟು, ಹೆಸರು, ಲೇಖಕ, ಮುದ್ರೆಗಳ ಪಟ್ಟಿಯನ್ನು ಮಾತ್ರ ಬೇರೆಯಾಗಿ ಇಡುವರು. ಒಂದು ಬಾಗಿಲು ಮುಚ್ಚಿದರೆ ಮತ್ತೊಂದು ತೆರೆಯುವುದರ ಗುಟ್ಟು ಇದು. 2004ರಲ್ಲಿ ಚೀನಾದ ಶಿಯಾವ್‌ಯುನ್ ವಾಂಗ್ ಮತ್ತು ಸಂಗಡಿಗರು ಭಿನ್ನವಾದ ಎರಡು ಸಾಲುಗಳಿಗೆ ಒಂದೇ ಮುದ್ರೆ ಬರುವಂತೆ ಮಾಡಿ ತೋರಿಸಿದರು. ಆದುದರಿಂದ ಪಟ್ಟಿಗೆ ಮುದ್ರೆ ಸಾಕು, ನಂಬಿಕೆಗೆ ಸಾಲದು.

ಕಾನೂನು ಇವುಗಳಿಗೆ ವಿರುದ್ಧವಾಗಿದೆ. 2025ರ ಆಗಸ್ಟ್‌ನಲ್ಲಿ ದೆಹಲಿ ಉಚ್ಚ ನ್ಯಾಯಾಲಯವು ಸೈ-ಹಬ್ಬನ್ನು ತಡೆಯಲು ಆಜ್ಞೆ ಮಾಡಿತು. ನಮ್ಮಲ್ಲಿ ಲೇಖಕನು ತೀರಿಕೊಂಡ ವರ್ಷದ ಅನಂತರ 60 ವರ್ಷ ಕೃತಿಸ್ವಾಮ್ಯ ಉಳಿಯುವುದು. 1980ರಲ್ಲಿ ತೀರಿಕೊಂಡ ಬಿ. ಜಿ. ಎಲ್. ಸ್ವಾಮಿಯವರ ‘ಹಸುರು ಹೊನ್ನು’ 2040 ಮುಗಿಯುವವರೆಗೆ ಹಕ್ಕಿಗೊಳಪಟ್ಟದ್ದು. ಬಡ ವಿದ್ಯಾರ್ಥಿಯ ಅವಸರಕ್ಕೆ ಅರವತ್ತು ವರ್ಷ ಬಹು ದೀರ್ಘವೆಂದೇ ನನ್ನ ಅಭಿಪ್ರಾಯ. ಆದರೂ ಬರೆದವನ ಅನ್ನವನ್ನು ಲೆಕ್ಕಕ್ಕೆ ಹಿಡಿಯದೆ ಗತಿಯಿಲ್ಲ.

ಅವಧಿ ತೀರಿದ ಗ್ರಂಥಗಳಿಗೆ ನೆರಳಿನ ಹಂಗೇ ಬೇಡ. ಸೇಡಂ ತಾಲ್ಲೂಕಿನ ಮಳಖೇಡವು ರಾಷ್ಟ್ರಕೂಟರ ಮಾನ್ಯಖೇಟವಷ್ಟೆ. ಅಲ್ಲಿ ಆಳಿದ ಅಮೋಘವರ್ಷನ ಕಾಲದಲ್ಲಿ, ಸುಮಾರು 850ರಲ್ಲಿ, ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ವನ್ನು ರಚಿಸಿದನು. ಎಂ. ರಂಗಾಚಾರ್ಯರು ಅದನ್ನು ಇಂಗ್ಲಿಷ್ ಅನುವಾದದೊಡನೆ 1912ರಲ್ಲಿ ಮದ್ರಾಸಿನಲ್ಲಿ ಪ್ರಕಟಿಸಿದರು. ಅದರ ಪುಟಗಳ ಛಾಯಾಪ್ರತಿ ಇಂಟರ್‌ನೆಟ್ ಆರ್ಕೈವ್‌ನಲ್ಲಿ ಯಾರಿಗಾದರೂ ಉಚಿತ. ಒಂದು ತೊಡಕುಂಟು: ಇಂಥ ಹಳೆಯ ಗ್ರಂಥಗಳ ಹೆಸರನ್ನು ರೋಮನ್ ಲಿಪಿಯಲ್ಲಿ ಒಬ್ಬೊಬ್ಬರು ಒಂದೊಂದು ಬಗೆಯಾಗಿ ನಮೂದಿಸಿರುವರು. ಕನ್ನಡದಲ್ಲಿ ಬರೆದು ಹುಡುಕಿ ದೊರೆಯದಿದ್ದರೆ ದೀರ್ಘಸ್ವರಕ್ಕೆ ಒಂದು ‘ಎ’ ಹಾಕಿ ನೋಡಬೇಕು, ಎರಡು ಹಾಕಿ ನೋಡಬೇಕು. ಅದೂ ವ್ಯರ್ಥವಾದರೆ ಸಂಪಾದಕರ ಹೆಸರನ್ನು ಹಿಡಿದು ಹೋಗಬೇಕು.